ಚೌಡಿಗೆ ಬಿಟ್ಟ ಹುಂಜ

ಫೆಬ್ರವರಿ ೨೧, ೨೦೦೬. ಬಾಳೂರು
ಇವತ್ತೂ ಅದೇ ರಾಗ. "ಡಾಕ್ಟ್ರಮ್ಮ, ಹಕ್ಕಿಜ್ವರದ ಇಂಜೆಕ್ಷನ್ ಕೊಡಿ." ಅದು ನನ್ನ ಹತ್ತಿರ ಇಲ್ಲ ಮಾರಾಯ್ರೇ! ಇರುವುದು ಕೋಳಿಗಳಿಗೆ ಮಾಮೂಲಿ ಬರುವ ಕೊಕ್ಕರೆ ರೋಗದ ಲಸಿಕೆ. ಟಿವಿ ನೋಡಿದವರಿಗೆ ಎರಡೂ ಒಂದೇ.

ಎಸ್ಟೇಟಿನ ಕೂಲಿ ಲೈನಿನ ಹುಚ್ಚಮ್ಮನ ಕೋಳಿಗಳಿಗೆಲ್ಲ ಚುಚ್ಚಿದೆ. ಮಗಳ ಬಾಣಂತನಕ್ಕೆಂದು ಸಾಕಿದವು. ಹುಂಜ ಮಾತ್ರ ಹಿತ್ತಿಲಲ್ಲಿ, ಬುಟ್ಟಿಯಡಿ. "ಹೆರಿಗೆ ಸುಸೂತ್ರ ಆಗ್ಲಿ ಅಂತ ಚೌಡಿಗೆ ಹರಕೆ ಬಿಟ್ಟಿದ್ದು. ಸೂಜಿ ತಾಗ್ಸ್ಬಾರ್ದು." ತಲೆ ಚಚ್ಚಿಕೊಂಡೆ.

ಫೆ. ೨೫
ಹಕ್ಕಿಜ್ವರದ ಹೆದರಿಕೆಗೆ ಸಂತೆಯಲ್ಲಿ ಕೋಳಿ ಕೇಳುವವರಿಲ್ಲ. ಅಗ್ಗವೆಂದು ಹುಚ್ಚಮ್ಮ ಎರಡು ತಂದು ಗೂಡಿಗೇ ಬಿಟ್ಟಿದ್ದಾಳೆ!

"ನೀವೇ ಚುಚ್ಚಿದ್ರಲ್ಲ, ಇನ್ನೇನ್ ಹೆದ್ರಿಕೆ?"

"ಹೆಪ್ಪು ಹಾಕಿದ್ ಕೂಡ್ಲೇ ಮೊಸರಾಗ್ತದಾ? ಮೈಗೆ ರೋಗದ ಗುರುತು ಸಿಗ್ಬೇಕು, ಎದುರಿಸೋ ಶಕ್ತಿ ಕಟ್ಕೊಳ್ಬೇಕು. ಎರಡು ವಾರ ಬೇಕು ಹುಚ್ಚಮ್ಮ!"

ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ ೨
ಸಂತೆಯ ಎರಡೂ ಸತ್ತವು. ತಿರುಚಿದ ಕತ್ತು, ಹಸಿರು ಭೇದಿ... ಕೊಕ್ಕರೆ ರೋಗವೇ ಇರಬೇಕು. ಆದರೂ ಸ್ಯಾಂಪಲ್ ಬೆಂಗಳೂರಿಗೆ ಕಳಿಸಿದೆ. ಗೂಡು ಮುಚ್ಚಿಸಿದೆ. ನಾನು ಚುಚ್ಚಿದ ಹುಚ್ಚಮ್ಮನ ಕೋಳಿಗಳು ಒಂದು ದಿನ ಮಂಕಾಗಿದ್ದು ಮತ್ತೆ ಕಾಳು ಹೆಕ್ಕುತ್ತಿವೆ. ಲಸಿಕೆ ಹಿಡಿಯುತ್ತಿದೆ!

ಎಸ್ಟೇಟಿನ ಯಜಮಾನರು ರೇಣುಕಪ್ರಸಾದ್ ಫೋನ್ ಮಾಡಿದರು. "ಎಲ್ಲಾ ಕೊಂದು ಹೂತ್‌ಬಿಡಿ. ಕೆಲಸದವ್ರು ಹೆದ್ರಿ ಓಡಿಹೋದ್ರೆ?" ವರದಿ ಬರುವ ತನಕ ತಡೆಯಿರಿ ಅಂದೆ. ಹೂಂ ಅಂದರು. ನಂಬಿದೆ, ಪೆದ್ದಿ.

ಮಾರ್ಚ್ ೭, ಸಂಜೆ
ಮಧ್ಯಾಹ್ನ ವರದಿ ಬಂತು. ಹಕ್ಕಿಜ್ವರ ಅಲ್ಲ. ಜೀಪು ಹತ್ತಿ ಓಡಿದೆ.

ಗೂಡು ಖಾಲಿ. ಬೆಳಿಗ್ಗೆಯೇ ಯಜಮಾನರ ಅಪ್ಪಣೆ ಆಗಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಿಮ್ಮಪ್ಪ ಆಳು ತಂದು ಎಲ್ಲವನ್ನೂ ಕೊಂದು, ಸುಣ್ಣ ಹಾಕಿ ಹೂಳಿಸಿದ್ದಾನೆ. ಲಸಿಕೆ ಹಾಕಿ ಇವತ್ತಿಗೆ ಸರಿಯಾಗಿ ಎರಡು ವಾರ.

ಹುಂಜವನ್ನು ಮುಟ್ಟಿಲ್ಲ. ಚೌಡಿಯದು, ತಿಮ್ಮಪ್ಪನಿಗೆ ಧೈರ್ಯ ಸಾಲಲಿಲ್ಲವಂತೆ. ರೋಗ ತಡೆಯುವ ಶಕ್ತಿ ಇಲ್ಲದ್ದು ಅದೊಂದೇ. ಉಳಿದದ್ದೂ ಅದೊಂದೇ.

ಹುಚ್ಚಮ್ಮ ಅಳಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬುಟ್ಟಿ ಎತ್ತಿ ಹುಂಜವನ್ನು ನನ್ನ ಮುಂದೆ ಹಿಡಿದಳು. "ಚುಚ್ಚಿ, ಡಾಕ್ಟ್ರಮ್ಮ. ಈ ಸಲ ಎರಡು ವಾರ ಕಾಯ್ತೀನಿ."

"ಚೌಡಿ?"

"ಅವ್ಳಿಗೆ ನಾನ್ ಹೇಳ್ಕೊಳ್ತೀನಿ."

ಸಿರಿಂಜು ತುಂಬಿದೆ. ಅವಳೇ ರೆಕ್ಕೆ ಎತ್ತಿ ಹಿಡಿದಳು. ಚುಚ್ಚಿದೆ.