ನಡುವಿನ ತಟ್ಟಿ

ಹೊಯ್ಗೆಕೋಡಿ,
ಆರನೆಯ ಸುತ್ತು, ಮೊದಲ ಮನೆಯ ವರುಷ, ಕೊನೆಯ ಮರಿ ಹಾರಿದ ದಿನ, ಮಧ್ಯಾಹ್ನ.

ಜಲಜಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಸುಗಂಧಿ ಬರೆಯುವ ಕಾಗದ.

ಮೇಲೆ ಹಾಕಿದ ತಾರೀಖು ನೋಡಿ ನೀನು ಹುಬ್ಬು ಗಂಟಿಕ್ಕುತ್ತೀ ಎಂದು ಗೊತ್ತು. ನಿನ್ನ ಮನೆಯ ಕ್ಯಾಲೆಂಡರಿನಲ್ಲಿ ಅಂಥ ದಿನ ಇಲ್ಲ. ನಿನ್ನ ಲೆಕ್ಕದಲ್ಲಿ ಇದು ಇನ್ನೂರ ಹತ್ತು ವರುಷ ಆಚೆಯ ಮಾತು. ನನ್ನ ಬರವಣಿಗೆಯಲ್ಲಿ ನೀನು ಕೇಳಿರದ ಶಬ್ದಗಳು ಬರುತ್ತವೆ, ಕ್ಷಮಿಸು. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇನ್ನೊಂದು ತೊಡಕೂ ಇದೆ. ಸಂಬಂಧದಲ್ಲಿ ನೀನು ಅಜ್ಜಿ, ಆದರೆ ಈ ಕಾಗದ ಕೈಗೆ ಸಿಗುವಾಗ ನಿನಗೆ ಇಪ್ಪತ್ತಾರು ವರುಷ. ನನಗೆ ಅರವತ್ತೊಂದು. ಹಾಗಾಗಿ ಬಾಯಲ್ಲಿ ಅಜ್ಜಿ ಎಂದರೂ ಮಗಳಿಗೆ ಗದರುವ ಹಾಗೆ ಎಲ್ಲಾದರೂ ಗದರಿದರೆ ಬೇಸರ ಮಾಡಿಕೊಳ್ಳಬೇಡ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾಳೆ ನಮ್ಮ ಮನೆ ಎದ್ದು ಊರಿನ ಬಡಗಣ ತುದಿಗೆ ಹೋಗುತ್ತದೆ. ನನ್ನ ಅಮ್ಮ ತುಂಗಮ್ಮನಿಗೆ ಎಂಬತ್ತನಾಲ್ಕು. ಪಕ್ಕದ ಮನೆಯ ಬಾಗಿಗೆ ಎಂಬತ್ತಾರು. ಇಬ್ಬರೂ ಹುಟ್ಟಿದ್ದು ಈ ಎರಡು ಮನೆಗಳಲ್ಲೇ, ಒಂದೇ ತಟ್ಟಿಗೋಡೆಯ ಆಚೆ ಈಚೆ. ನಾಳೆಯಿಂದ ಒಂದು ವರುಷ ಇಬ್ಬರ ನಡುವೆ ಇಡೀ ಊರು ಅಡ್ಡ ಬರುತ್ತದೆ. ಅಮ್ಮನಿಗೆ ಕಾಲು ಬರುವುದಿಲ್ಲ, ಬಾಗಿಗೆ ಕಣ್ಣು ಕಾಣುವುದಿಲ್ಲ. ಆ ವಯಸ್ಸಿನಲ್ಲಿ ಒಂದು ವರುಷ ಎಂದರೆ ಎಷ್ಟು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆಲ್ಲ ಕಾರಣ ನೀನು. ಇದನ್ನು ಸರಿಮಾಡಲು ಆಗುವುದೂ ನಿನ್ನಿಂದ ಮಾತ್ರ.

ನಿನ್ನದೇ ಊರಿಗೆ ನೀನು ನೆಂಟರ ಹಾಗೆ ಬಂದೆ ಎಂದುಕೊ, ಆಗ ಹೇಳುವುದು ಸುಲಭ. ಹಿನ್ನೀರಿನ ಆಚೆ ದಡದಲ್ಲಿ ಚಪ್ಪಲಿ ಬಿಟ್ಟು ಬಿಸಿಲುದೋಣಿ ಹತ್ತಬೇಕು. ಬಿಸಿಲುದೋಣಿ ಎಂದರೆ ಬಿಸಿಲು ಕುಡಿದು ಓಡುವ ದೋಣಿ. ಸದ್ದಿಲ್ಲ, ಹೊಗೆಯಿಲ್ಲ, ಮೋಡ ಕವಿದರೆ ಮಾತ್ರ ನಡುನೀರಿನಲ್ಲಿ ನಿಂತು ಹಠ ಹಿಡಿಯುತ್ತದೆ. ಆಗ ಯಾರೂ ಅವಸರ ಮಾಡುವುದಿಲ್ಲ. ನೀರುಕಾಗೆ ಬಂದು ದೋಣಿಯ ಅಂಚಿನಲ್ಲಿ ಕೂತು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ, ನಾವೂ ಅದರ ಪಕ್ಕ ಕೂತು ಮೈ ಒಣಗಿಸಿಕೊಳ್ಳುತ್ತೇವೆ. ಚಳಿಗಾಲದಲ್ಲಿ ಬಂದೆಯಾದರೆ ಹಿನ್ನೀರು ಕಾಣುವುದೇ ಇಲ್ಲ, ಅಷ್ಟು ಹಕ್ಕಿ. ಬೆಳ್ಳಕ್ಕಿ, ಹೆಜ್ಜಾರ್ಲೆ, ತಿಳಿಗೆಂಪು ಕಾಲಿನ ರಾಜಹಂಸ, ಹೆಸರಿಲ್ಲದ ನೂರು ಜಾತಿಯ ಸಣ್ಣವು. ಅವು ಒಟ್ಟಿಗೆ ಎದ್ದಾಗ ನೀರೇ ಎದ್ದು ಹೋಯಿತೇನೋ ಎಂದು ಹೊಸಬರು ದೋಣಿಯ ಅಂಚು ಹಿಡಿದುಕೊಳ್ಳುತ್ತಾರೆ. ಈಚೆ ದಡದಲ್ಲಿ ಇಳಿದರೆ ಅಂಗಾಲಿಗೆ ಬಿಸಿ ಮರಳು. ಆ ಬದಿಗೆ ಕಡಲು, ಈ ಬದಿಗೆ ಹಿನ್ನೀರು, ನಡುವೆ ಸಾಲಾಗಿ ನಲವತ್ತೆರಡು ಮನೆ. ಅಂದಿಗೂ ನಲವತ್ತೆರಡೇ, ಇಂದಿಗೂ ಅಷ್ಟೇ. ಬಂದವರಿಗೆ ಮೊದಲು ಎಳನೀರು, ಆಮೇಲೆ ಗಂಜಿ, ಸಿಗಡಿ ಚಟ್ನಿ. ಬಂಗುಡೆ ಕೇಳಬೇಡ. ಅದು ತಂಪು ನೀರು ಹುಡುಕಿಕೊಂಡು ಎಂದೋ ಬಡಗಕ್ಕೆ ಹೋಯಿತು, ವರುಷಕ್ಕೆ ಹದಿನೈದು ದಿನ ತವರಿಗೆ ಬಂದ ಹಾಗೆ ಬಂದು ಹೋಗುತ್ತದೆ. ಆ ಹದಿನೈದು ದಿನ ಶಾಲೆಗೆ ರಜೆ, ಮದುವೆಗಳಿಗೂ ರಜೆ, ಎಲ್ಲರ ಕೈಯೂ ಬಲೆಯ ಹಗ್ಗದ ಮೇಲೆ. ನಮ್ಮ ಬಲೆಗೆ ಕರಗುಬಲೆ ಎಂದು ಹೆಸರು. ಒಂದು ವರುಷ ದುಡಿದು ಉಪ್ಪುನೀರಿನಲ್ಲೇ ಕರಗಿಹೋಗುತ್ತದೆ, ಕಡಲಾಮೆಯ ಕುತ್ತಿಗೆಗೆ ಸುತ್ತಿಕೊಳ್ಳುವುದಿಲ್ಲ.

ಇನ್ನು ನಮ್ಮ ಮನೆಗಳು. ಇಲ್ಲಿಯ ಮರಳು ನಡೆಯುತ್ತದೆ ಎಂದು ನಿನಗೂ ಗೊತ್ತು. ಕಡಲು ತೆಂಕಣ ತುದಿಯಲ್ಲಿ ತಿಂದದ್ದನ್ನು ಬಡಗಣ ತುದಿಯಲ್ಲಿ ತಂದು ಹಾಕುತ್ತದೆ, ವರುಷಕ್ಕೆ ಹೆಚ್ಚುಕಡಿಮೆ ಒಂದು ಮನೆಯ ಅಗಲ. ಅದಕ್ಕೇ ನಾವು ಕಟ್ಟುವುದು ನಡೆಮನೆ: ಗಾಳಿಮರದ ಕಂಬ, ತೆಂಗಿನ ಮಡಲು ಹೆಣೆದ ತಟ್ಟಿ, ಎಲ್ಲವೂ ಹಗ್ಗದ ಗಂಟು, ಒಂದು ಮೊಳೆಯೂ ಇಲ್ಲ. ಪ್ರತಿ ವರುಷ ಮಳೆಗಾಲ ಹಿಡಿಯುವ ಮೊದಲು ತೆಂಕಣ ಕೊನೆಯ ಮನೆಯನ್ನು ಬಿಚ್ಚಿ, ಹೊತ್ತು, ಬಡಗಣ ಕೊನೆಯಲ್ಲಿ ಕಟ್ಟುತ್ತೇವೆ. ಮನೆ ಕೂತು ಅಂಗಳಕ್ಕೆ ಬಳ್ಳಿ ಹಬ್ಬಿದರೆ ಮಾತ್ರ ಹೊಸ ಮರಳು ನಿಲ್ಲುತ್ತದೆ, ಖಾಲಿ ಬಿಟ್ಟದ್ದನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ. ನಲವತ್ತೆರಡು ವರುಷಕ್ಕೆ ಊರಿಗೆ ಊರೇ ಒಂದು ಸುತ್ತು ಮುಗಿಸುತ್ತದೆ. ಈ ಏರ್ಪಾಡು ಕಂಡುಹಿಡಿದವಳು ನೀನು. ತೀರಕ್ಕೆ ಕಲ್ಲು ಸುರಿಯಬೇಕೆಂದು ಎಲ್ಲರೂ ಹೇಳುತ್ತಿದ್ದಾಗ ನೀನು ಸಭೆಯಲ್ಲಿ ಎದ್ದು ನಿಂತು, "ಕಡ್ಲ್ ಸಂಗ್ತಿಗೆ ಜಗ್ಳ ಬ್ಯಾಡ, ನಾವೇ ಸರ್ಕಂಬ" ಎಂದೆಯಂತೆ. ಆ ಮಾತನ್ನು ಇಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತೇವೆ. ಮೊದಲು ಬಿಚ್ಚಿದ್ದೂ ನಿನ್ನ ಮನೆಯನ್ನೇ. ಅದೇ ಮನೆಗೆ ಈಗ ಆರನೆಯ ಸಲ ಸರದಿ ಬಂದಿದೆ.

ನನ್ನ ಕೆಲಸ ಮೊಟ್ಟೆಗಾವಲು. ಹೊಸ ಮರಳೆಂದರೆ ಪುಟ್ಟ ಕಡಲಕ್ಕಿಗಳಿಗೆ ಪ್ರಾಣ. ಗೂಡಿಲ್ಲ, ಕಡ್ಡಿಯಿಲ್ಲ, ಬರಿ ಮರಳಿನಲ್ಲಿ ಒಂದು ಕುಳಿ ಮಾಡಿ ಮರಳಿನ ಬಣ್ಣದ್ದೇ ಮೊಟ್ಟೆ ಇಡುತ್ತವೆ. ಮೊಟ್ಟೆ ಇದ್ದ ಜಾಗದಲ್ಲಿ ಕಂಬ ನೆಡುವ ಹಾಗಿಲ್ಲ. ಕೊನೆಯ ಮರಿ ಹಾರಿದ ದಿನ ನಾನು ಬಿಳಿ ಬಟ್ಟೆ ಏರಿಸಬೇಕು, ಮಾರನೆಯ ಬೆಳಿಗ್ಗೆ ಊರು ಮನೆ ಹೊರುತ್ತದೆ. ಈ ಸಲ ಹಕ್ಕಿಗಳು ತಡವಾಗಿ ಬಂದವು. ಕಡಲು ನಮ್ಮ ಅಡುಗೆಮನೆಯ ಹೊಸ್ತಿಲು ನೆಕ್ಕಲು ಶುರುಮಾಡಿತ್ತು, ಊರಿನವರಿಗೆ ಕಳವಳ. ಅಮ್ಮನಿಗೆ ಮಾತ್ರ ಹಬ್ಬ. ತಟ್ಟಿಯ ಕಡೆ ಬಾಯಿ ಮಾಡಿ, "ಹಕ್ಕಿ ನಮ್ಗಿಂತ ಮುಂಚೆ ಬಂದಿತ್ ಕಾಣ್ ಬಾಗೀ, ನಾವ್ ಕಾಯ್ಕ್" ಎಂದು ಕೂಗಿ ಹೇಳಿದಳು. ಆಚೆಯಿಂದ ಬಾಗಿಯ ಕೆಮ್ಮು, ನಗು, ಎರಡೂ ಒಟ್ಟಿಗೆ ಕೇಳಿತು.

ಆ ತಟ್ಟಿಯಲ್ಲಿ ಒಂದು ಕಿಂಡಿ ಇದೆ. ಎಲೆಯಡಿಕೆ ಪೆಟ್ಟಿಗೆ ಹೋಗಿ ಬರುವಷ್ಟು ದೊಡ್ಡದು. ಪೆಟ್ಟಿಗೆ ಯಾರದೆಂದು ಇಬ್ಬರಿಗೂ ಮರೆತುಹೋಗಿದೆ. ಬೆಳಗಾದರೆ ಬಾಗಿ ಕೆಮ್ಮುತ್ತಾಳೆ, ಅಮ್ಮ ಪೆಟ್ಟಿಗೆ ತಳ್ಳುತ್ತಾಳೆ, ಒಬ್ಬಳು ಸುಣ್ಣ ಹಚ್ಚಿದರೆ ಇನ್ನೊಬ್ಬಳು ಅಡಿಕೆ ಕತ್ತರಿಸುತ್ತಾಳೆ. ಮಳೆ, ಸೊಸೆ, ಮಂಡಿನೋವು, ಸತ್ತ ಗಂಡಂದಿರು ಎಲ್ಲವೂ ಆ ಕಿಂಡಿಯಲ್ಲೇ ದಾಟಿವೆ. ಹಿಂದೊಮ್ಮೆ ಇಬ್ಬರೂ ಅಗಲಿದ್ದರು, ನಲವತ್ತೆರಡು ವರುಷದ ಕೆಳಗೆ, ಇದೇ ಸರದಿಯಲ್ಲಿ. ಆಗ ಗಟ್ಟಿ ಕಾಲು, ದಿನವೂ ನಡೆದು ಹೋಗಿ ಬರುತ್ತಿದ್ದರು. ಮುಂದಿನ ವರುಷ ಬಾಗಿಯ ಮನೆಯೂ ಬಡಗಕ್ಕೆ ಬಂದು ನಮ್ಮ ಮಗ್ಗುಲಲ್ಲೇ ಕೂತಿತು. ಈಗಲೂ ಹಾಗೇ ಬರುತ್ತದೆ. ಆದರೆ ಬಾಗಿ ಬರುತ್ತಾಳೋ, ಅಮ್ಮ ಇರುತ್ತಾಳೋ, ಅದನ್ನು ಯಾರು ಹೇಳಬಲ್ಲರು? ಒಂದು ವರುಷ ನೀನೇ ಬಾಗಿಯ ಮನೆಯಲ್ಲಿ ಇದ್ದುಬಿಡು ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬಾಗಿಗೂ ಅಷ್ಟೇ, ತನ್ನ ಒಲೆ ಬಿಟ್ಟು ಬೇರೆ ಒಲೆಯ ಗಂಜಿ ಇಳಿಯುವುದಿಲ್ಲ. ವಾರಕ್ಕೊಮ್ಮೆ ದೋಣಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದದ್ದಕ್ಕೆ ಅಮ್ಮ, "ಬಾಗಿ ಮನಿಗೆ ನಾನ್ ನೆಂಟ್ರ್ ಕಣಂಗೆ ಹೋಯ್ಕಾ?" ಎಂದು ಕೇಳಿ ಗೋಡೆಗೆ ಮುಖ ಮಾಡಿ ಮಲಗಿದಳು. ನೆಂಟರ ಹಾಗೆ ಎಳನೀರು ಕುಡಿದು, ಹೇಗಿದ್ದೀ ಎಂದು ಕೇಳಿ, ಎದ್ದು ಬರುವುದು.

ಈಗ ನಿನ್ನ ತಪ್ಪಿಗೆ ಬರುತ್ತೇನೆ. ವರುಷಕ್ಕೆ ಒಂದೇ ಮನೆ ಎಂಬ ಕಟ್ಟಳೆ ಯಾಕೆ ಬಂತು ಎಂದು ಊರಿನ ಪುಸ್ತಕದಲ್ಲಿಲ್ಲ, ನಮ್ಮ ಮನೆಯ ಹೆಂಗಸರ ಬಾಯಲ್ಲಿದೆ. ನಿನ್ನ ಪಕ್ಕದ ಮನೆಯ ಶೇಷಿಯ ಬೆಕ್ಕು ನಿನ್ನ ಚಾಪೆಯ ಮೇಲಿನ ಒಣಮೀನು ತಿಂದಿತು. ನೀನು ಅವಳ ಜೊತೆ ಮಾತು ಬಿಟ್ಟೆ. ಎರಡೆರಡು ಮನೆ ಜೊತೆಯಾಗಿ ಹೋಗಲಿ ಎಂದು ಹಿರಿಯರು ಹೇಳಿದಾಗ ನೀನು, "ಒಂದ್ ವರ್ಷ ಆದ್ರೂ ಆ ಬೆಕ್ಕಿನ್ ಮೋರೆ ಕಾಂಬುದ್ ಬ್ಯಾಡ" ಎಂದು ಒಂದೇ ಮನೆಗೆ ಹಠ ಹಿಡಿದೆ. ಕಡಲಿನ ಜೊತೆ ಜಗಳ ಬೇಡವೆಂದವಳು ಪಕ್ಕದ ಮನೆಯವಳ ಜೊತೆ ಜಗಳವಾಡಿದೆ! ಆಮೇಲೆ ಆ ಒಂದು ವರುಷ ಬಡಗಣ ಗಾಳಿಯಲ್ಲಿ ಒಬ್ಬಳೇ ಕೂತು, ಶೇಷಿಯ ಮನೆ ಬಂದಿಳಿದ ದಿನ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆಯಂತೆ. ಇಬ್ಬರೂ ಅತ್ತಿರಿ, ಬೆಕ್ಕಿಗೂ ಒಂದು ಮೀನು ಹಾಕಿದಿರಿ, ಕಟ್ಟಳೆ ಬದಲಿಸುವುದನ್ನು ಮಾತ್ರ ಮರೆತಿರಿ. ಬಾಗಿ ಆ ಶೇಷಿಯ ಪೀಳಿಗೆಯವಳೇ.

ಈ ವರುಷ ನಾನು ಸಭೆಯಲ್ಲಿ ಕೇಳಿ ನೋಡಿದೆ. "ಜಲಜಜ್ಜಿ ಕಟ್ಟದ್ ಕಟ್ಳಿ, ನಾವ್ ಬಿಡೂಕಾತ್ತಾ?" ಎಂದು ನಕ್ಕರು. ನಗದವರೂ ಬಡಗಣ ಮರಳು ತೋರಿಸಿದರು. ಅವರದು ತಪ್ಪಲ್ಲ. ಈಗ ಅಲ್ಲಿ ಇರುವುದು ಒಂದೇ ಮನೆಯ ಜಾಗ. ಜೊತೆಮನೆಯ ಸರದಿ ಶುರುಮಾಡಲು ಮೊದಲ ವರುಷ ಎರಡು ಮನೆಯ ಜಾಗ ಬೇಕು. ಆಮೇಲೆ ವರುಷ ಬಿಟ್ಟು ವರುಷ ಎರಡೆರಡು ಹೋಗುತ್ತಿದ್ದರೆ ಕಡಲಿಗೂ ಸರಿ, ಮರಳಿಗೂ ಸರಿ. ಆ ಎರಡನೆಯ ಜಾಗ ನಿನ್ನ ಕಾಲದಲ್ಲಿತ್ತು. ನೀನು ಖಾಲಿ ಬಿಟ್ಟೆ, ಗಾಳಿ ಕೊಂಡುಹೋಯಿತು.

ಇಂದು ಬೆಳಿಗ್ಗೆ ಕೊನೆಯ ಮರಿ ಹಾರಿತು. ಮೂರು ಸಲ ಮರಳಿಗೆ ಬಿದ್ದು, ನಾಲ್ಕನೆಯ ಸಲ ಹಿನ್ನೀರಿನ ಮೇಲೆ ಸೊಟ್ಟಗೆ ತೇಲುತ್ತಾ ಹೋಯಿತು. ನೋಡಿದವಳು ನಾನೊಬ್ಬಳೇ. ಬಿಳಿ ಬಟ್ಟೆ ಈಗಲೂ ನನ್ನ ಮಡಿಲಲ್ಲಿದೆ. ಮನೆಗೆ ಬಂದಾಗ ಅಮ್ಮ ದಿನಾ ಕೇಳುವ ಹಾಗೆ, "ಮರಿ ಹಾರ್ತಾ ಮಗಾ?" ಎಂದಳು. ಮೂವತ್ತು ವರುಷದ ಕಾವಲಿನಲ್ಲಿ ನಾನು ಸುಳ್ಳು ಹೇಳಿಲ್ಲ. ಇಂದು ಹೇಳಲು ಬಾಯಿ ತೆರೆದೆ, ಆಗಲಿಲ್ಲ, ಮಡಿಲಿನ ಬಟ್ಟೆ ಮುಚ್ಚಿಕೊಂಡೆ. ಅಮ್ಮನಿಗೆ ಅರ್ಥವಾಯಿತು. ಪೆಟ್ಟಿಗೆಯನ್ನು ಸೆರಗಿನಲ್ಲಿ ಒರೆಸಿ ಕಿಂಡಿಯಲ್ಲಿ ಆಚೆ ತಳ್ಳಿದಳು, ನೀನೇ ಇಟ್ಟುಕೊ ಎನ್ನುವ ಹಾಗೆ. ಬಾಗಿ ಈಚೆ ತಳ್ಳಿದಳು. ಅಮ್ಮ ಮತ್ತೆ ಆಚೆ ತಳ್ಳಿದಳು. ಇದನ್ನು ಬರೆಯುತ್ತಿರುವಾಗಲೂ ಆ ಪೆಟ್ಟಿಗೆ ಮರಳಿನ ಮೇಲೆ ಸರಿದಾಡುವ ಸದ್ದು ಕೇಳುತ್ತಿದೆ. ನನಗೆ ಅಳು ತಡೆಯಲಾಗುತ್ತಿಲ್ಲ ಅಜ್ಜೀ.

ಮನೆ ಎದ್ದ ಮೇಲೆ ನಡುಗಂಬದ ಗುಳಿಯಲ್ಲಿ ಕಾಗದ ಇಟ್ಟು ಹೋಗುವುದು ನಮ್ಮಲ್ಲಿ ವಾಡಿಕೆ. ಇದಕ್ಕೆ ಹಿಂದಂಚೆ ಎನ್ನುತ್ತೇವೆ. ತೆಂಕಣ ಮರಳು ಕಡಲಿಗೆ ಸೇರಿ ಹಳೆಯ ದಿನಗಳಿಗೆ ಹೋಗುತ್ತದೆಂದು ನಂಬಿಕೆ. ಯಾರಿಗೂ ಇದುವರೆಗೆ ಉತ್ತರ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ. ನಾಳೆ ಗುಳಿಯಲ್ಲಿ ಇಡುತ್ತೇನೆ. ತಟ್ಟಿ ಬಾಗಿಯ ಮನೆಗೇ ಉಳಿಯುತ್ತದೆ, ಅವಳ ಗೋಡೆ ಕಡಲಿಗೆ ಬರಿದಾಗಬಾರದಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ನಿನ್ನ ಕಡೆ ಆ ಸಭೆ ಇನ್ನೂ ಸೇರಿರಲಿಕ್ಕಿಲ್ಲ, ಅದು ಸೇರುವ ಹಿಂದಿನ ದಿನ ಶೇಷಿಯ ಅಂಗಳಕ್ಕೆ ಹೋಗು. ನೆಂಟರ ಹಾಗೆ ಹೊರಗೆ ನಿಲ್ಲಬೇಡ, ಒಳಗೆ ಹೋಗಿ ಕೂತು ಎಲೆಯಡಿಕೆ ಕೇಳು. ಆಮೇಲೆ ಸಭೆಯಲ್ಲಿ ಎರಡು ಮನೆ ಎನ್ನು. ನಾಡಿದ್ದು ಬೆಳಿಗ್ಗೆ ಬಡಗಣ ತುದಿಯಲ್ಲಿ ಕಣ್ಣು ಬಿಟ್ಟಾಗ ತಟ್ಟಿಯಾಚೆ ಬಾಗಿಯ ಕೆಮ್ಮು ಕೇಳಿದರೆ ಕಾಗದ ನಿನಗೆ ಮುಟ್ಟಿತೆಂದು ಅರ್ಥ. ಆಗ ನಡೆದದ್ದೆಲ್ಲ ಬೇರೆಯಾಗಿ, ಇದನ್ನು ಬರೆದದ್ದೇ ನನಗೆ ನೆನಪಿರಲಿಕ್ಕಿಲ್ಲ, ನಿನಗೊಂದು ಉಪಕಾರದ ಮಾತೂ ಹೇಳಲಿಕ್ಕಿಲ್ಲ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ, ದೊಡ್ಡ ಉಪಕಾರವಾಯಿತು ಅಜ್ಜೀ.

ಬಟ್ಟೆ ಏರಿಸಲು ಹೊರಟೆ. ಆ ಬೆಕ್ಕು ಮೀನು ತಿಂದರೆ ತಿನ್ನಲಿ. ಶೇಷಿಯ ಜೊತೆ ಮಾತು ಬಿಡಬೇಡ.

ನಿನ್ನ,
ಸುಗಂಧಿ