ಎದುರಾಳಿ ಇಲ್ಲದ ನಾಡಿನಿಂದ

ಒಮ್ಮತ ಶಕೆ ಎಂಬತ್ತೆಂಟು, ಮಾಘದ ಎರಡನೆಯ ಸೋಮವಾರ. ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಹುಡುಕಬೇಡಿ, ಸಿಗುವುದಿಲ್ಲ.

ನಿಮ್ಮ ಲೆಕ್ಕದಲ್ಲಿ ನಾನಿನ್ನೂ ಹುಟ್ಟಿಲ್ಲ. ನನ್ನ ಲೆಕ್ಕದಲ್ಲಿ ನೀವು ಮಣ್ಣಾಗಿ ಎಷ್ಟೋ ಕಾಲವಾಯಿತು. ಆದರೂ ಶರಣು. ನನ್ನ ಮಾತಿನಲ್ಲಿ ತಿಳಿಯದ ಶಬ್ದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಕೃಷ್ಣೆಯ ದಂಡೆಯ ನೇಕಾರ ಓಣಿಯ ಪಾರವ್ವ. ಬಾಯಿ ಜೋರು ಎಂದು ಓಣಿಯವರು ಹೇಳುತ್ತಾರೆ. ಇರಲಿ, ಮಗ್ಗದ ಸದ್ದಿನಲ್ಲಿ ಬೆಳೆದವಳು ಪಿಸುಗುಟ್ಟುವುದನ್ನು ಎಲ್ಲಿ ಕಲಿಯಬೇಕು?

ನಮ್ಮಲ್ಲಿ ಚುನಾವಣೆ ಇಲ್ಲವೆಂದು ತಿಳಿಯಬೇಡಿ. ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ. ತೋರಣ ಕಟ್ಟುತ್ತೇವೆ, ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತೇವೆ. ಎದುರಾಳಿ ಮಾತ್ರ ಇರುವುದಿಲ್ಲ. ಇದನ್ನು ಯಾವ ದುಷ್ಟನೂ ನಮ್ಮ ಮೇಲೆ ಹೇರಲಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ದಂಡಿನವರು ನಾಡು ಆಳುತ್ತಿದ್ದರು. ಅವರ ಕೈಯಿಂದ ಮತದ ಹಕ್ಕನ್ನು ಬಿಡಿಸಿ ತಂದವರು ಬಾಳಣ್ಣನವರು. ಸೆರೆಮನೆಯಲ್ಲಿ ಹರೆಯವನ್ನೆಲ್ಲ ಸವೆಸಿ, ಒಂದು ಕಣ್ಣು ಕಳೆದುಕೊಂಡು ಬಂದ ಮನುಷ್ಯ. ನಿಜವಾಗಿ ದೊಡ್ಡವರು, ಅಲ್ಲವೆಂದರೆ ನನ್ನ ನಾಲಗೆಗೆ ಹುಳ ಬೀಳಲಿ. ಎರಡನೆಯ ಚುನಾವಣೆ ಬಂದಾಗ, ಅಂಥವರ ಎದುರು ನಿಲ್ಲುವುದೆಂದರೆ ಉಂಡ ಮನೆಯ ಜಂತಿ ಎಣಿಸಿದಂತೆ ಎಂದು ಜನರಿಗೆ ಅನ್ನಿಸಿತು. ನಿಮ್ಮ ಕಾಲದ ಹಳ್ಳಿಗಳಲ್ಲಿ ಪಂಚಾಯ್ತಿ ಚುನಾವಣೆಗೆ ಮುಂಚೆ ಹಿರಿಯರು ಕಟ್ಟೆಯ ಮೇಲೆ ಕುಳಿತು, ನಿಂತವರ ಕೈಕಾಲು ಹಿಡಿದು, ನಾಮಪತ್ರ ವಾಪಸು ತೆಗೆಸಿ, ಅವಿರೋಧ ಆಯ್ಕೆಯಾಯಿತೆಂದು ಪೇಪರಿನಲ್ಲಿ ಫೋಟೊ ಹಾಕಿಸುತ್ತಿದ್ದರಲ್ಲ, ಅದನ್ನೇ ಇಡೀ ದೇಶಕ್ಕೆ ಹಾಸಿದರು. ಒಗ್ಗಟ್ಟು ಮುರಿಯಬಾರದು ನೋಡಿ! ಬಾಳಣ್ಣನವರು ಬೇಡವೆಂದು ಅತ್ತರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಾದ ಮೇಲೆ ಮಗ, ಮಗನಾದ ಮೇಲೆ ಮೊಮ್ಮಗ. ಈಗಿನ ಹಿರಿಯಣ್ಣನ (ದೇಶ ಆಳುವವನನ್ನು ನಾವು ಕರೆಯುವುದೇ ಹಾಗೆ) ದನಿ ಹೇಗಿದೆಯೆಂದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ಯಾರಾದರೂ ನಾಮಪತ್ರ ಹಾಕಿದರೆ ಪೊಲೀಸರು ಬರುವುದಿಲ್ಲ. ಒಲಿಸುವವರು ಬರುತ್ತಾರೆ. ಹೂವು, ಕುಂಕುಮ, ಕುಪ್ಪಸದ ಕಣ ತಂದು ಪಡಸಾಲೆಯಲ್ಲಿ ಕುಳಿತು ಭಜನೆ ಹಾಡುತ್ತಾರೆ, ಕಾಲಿಗೆ ಬೀಳುತ್ತಾರೆ. ಅವರು ಬಂದ ದಿನದಿಂದ ಓಣಿಯಲ್ಲಿ ತಣ್ಣೊಲೆ ಶುರು. ಎಂದರೆ, ನಿಂತವರು ಹಿಂದೆ ಸರಿಯುವವರೆಗೆ ಓಣಿಯ ಯಾವ ಮನೆಯಲ್ಲೂ ಒಲೆ ಹೊತ್ತುವುದಿಲ್ಲ. ಮುದುಕರು ನೀರು ಕುಡಿದು ಮಲಗುತ್ತಾರೆ, ಮಕ್ಕಳು ಅತ್ತು ಅತ್ತು ಸುಮ್ಮನಾಗುತ್ತವೆ, ಪಾಪವೆಲ್ಲ ನಿಂತವರ ತಲೆಗೆ. ಕೊನೆಗೆ ಹೆತ್ತ ತಾಯಿ ಸೆರಗೊಡ್ಡಿ ಬೇಡಬೇಕು. ಅದಕ್ಕೂ ಬಗ್ಗದಿದ್ದರೆ ಆ ಮನೆಗೆ ನೀರಿಲ್ಲ, ಬೆಂಕಿಯಿಲ್ಲ, ಸತ್ತರೆ ಹೆಗಲು ಕೊಡುವವರಿಲ್ಲ.

ಈ ಸಲ ನಿಂತವಳು ನನ್ನ ಮಗಳು ದಾಕ್ಷಾಯಣಿ. ಊರಿನ ನೀರಿನ ಪಂಪು ನೋಡಿಕೊಳ್ಳುವ ಕೆಲಸ ಅವಳದು. ಮೇಲಿನ ಊರಿನಲ್ಲಿ ಹಿರಿಯಣ್ಣನ ಅಳಿಯ ಬಣ್ಣದ ಕಾರ್ಖಾನೆ ಹಾಕಿದ ಮೇಲೆ ಹೊಳೆಯ ನೀರು ಕುಡಿದ ಮಕ್ಕಳ ಕಾಲು ಸೊಟ್ಟಗಾಗತೊಡಗಿದವು. ಎದುರುಮನೆಯ ಕಸ್ತೂರಿಯ ಹಿರಿಮಗ ಇವತ್ತಿಗೂ ತೆವಳುತ್ತಾನೆ. ದಾಕ್ಷಿ ಕಂಡ ಕಂಡ ಕಚೇರಿಗೆಲ್ಲ ಅಲೆದಳು. ನಾಡು ಆಳುವ ಸಭೆಯಲ್ಲಿ ಕೇಳುವ ಒಂದು ಬಾಯಿಯೂ ಇಲ್ಲದಿದ್ದರೆ ಉತ್ತರ ಎಲ್ಲಿಂದ ಬಂದೀತು? ಗೆಲ್ಲದಿದ್ದರೂ ಚಿಂತೆಯಿಲ್ಲ, ಎದುರು ನಿಂತವಳ ಪ್ರಶ್ನೆಗಾದರೂ ಅವರು ಬಾಯಿ ಬಿಡಬೇಕಾಗುತ್ತದೆ ಎಂದು ನಾಮಪತ್ರ ಹಾಕಿ ಬಂದಳು. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಒಲಿಸುವವರು ಬಂದರು, ಒಲೆಗಳು ಆರಿದವು. ನಾಲ್ಕನೆಯ ದಿನ ಅವರು ನನ್ನನ್ನು ಎಬ್ಬಿಸಿ ಒಳಗೆ ಕಳಿಸಿದರು. ದಾಕ್ಷಿ ಗೋಡೆಗೆ ಒರಗಿ ಕುಳಿತಿದ್ದಳು, ತುಟಿ ಒಣಗಿತ್ತು. ಓಣಿಯವರು ಹಸಿದಿರುವಾಗ ತಾನೂ ಉಣ್ಣುವುದಿಲ್ಲ ಎಂದಿದ್ದಳು.

“ಯವ್ವಾ, ನೀ ಸೆರಗು ಒಡ್ಡಿದರ ನಾ ಇಲ್ಲ ಅನ್ನಂಗಿಲ್ಲ,” ಎಂದಳು. “ಅದಕ್ಕ ಒಡ್ಡಬ್ಯಾಡ.”

ನಾನು ಸೆರಗನ್ನು ಸೊಂಟಕ್ಕೆ ಬಿಗಿದು ಹೊರಬಂದು, ನನ್ನ ಕೈಲಾಗದು ಎಂದೆ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ, ಅಷ್ಟು ಸಂತೋಷಪಟ್ಟದ್ದೂ ಇಲ್ಲ.

ಅಂದು ಸಂಜೆಯೇ ಕಸ್ತೂರಿ ಬಂದಳು. ಬಾಣಂತಿ, ಮಡಿಲಲ್ಲಿ ಎಳೆಯ ಕೂಸು. ಎಲ್ಲರಂತೆ ಅವಳೂ ಒಲೆ ಆರಿಸಿದ್ದಳು. ಹಿರಿಮಗನ ಕಾಲಿಗಾಗಿಯೇ ದಾಕ್ಷಿ ನಿಂತದ್ದೆಂದು ಅವಳಿಗೆ ತಿಳಿಯದೆ ಇಲ್ಲ. ಹೊಸ್ತಿಲಲ್ಲಿ ನಿಂತು ದಾಕ್ಷಿಗೆ, “ಅಕ್ಕಾ, ನಿನ್ನ ಮ್ಯಾಲ ಸಿಟ್ಟಿಲ್ಲ ನನಗ. ಎದ್ಯಾಗ ಹಾಲಿಲ್ಲ, ಅಷ್ಟ,” ಎಂದಳು.

ದಾಕ್ಷಿ ಕೂಸಿನ ಮುಖ ನೋಡಿದಳು. ಚಪ್ಪಲಿ ಮೆಟ್ಟಿ ನೇರ ಚುನಾವಣೆಯ ಕಚೇರಿಗೆ ನಡೆದಳು. ಅವಳು ವಾಪಸು ಬರುವಷ್ಟರಲ್ಲಿ ಓಣಿಯ ಒಲೆಗಳೆಲ್ಲ ಹೊತ್ತಿದ್ದವು. ನೆರೆಯವರು ಹೋಳಿಗೆ, ತುಪ್ಪ ತಂದು ನಮ್ಮ ಮುಂದಿಟ್ಟು, ಕೆನ್ನೆ ಸವರಿ, ಚಿನ್ನದಂಥ ಮಗಳು ಎಂದರು. ಅವರ ಪ್ರೀತಿ ಸುಳ್ಳಲ್ಲ. ನಾವೂ ಉಂಡೆವು, ಹಸಿವಾಗಿತ್ತು.

ಹಿಂದೆ ಸರಿದವರಿಗೆ ಶಾಲು ಹೊದಿಸಿ ಒಲಿಸುವವರ ಗುಂಪಿಗೆ ಸೇರಿಸುವುದು ನಮ್ಮಲ್ಲಿಯ ಮರ್ಯಾದೆ. ಒಲ್ಲೆ ಎಂದರೆ ಓಣಿಯ ಒಲೆಗಳು ಮತ್ತೆ ಆರುತ್ತವೆ. ಹೊಳೆಯಾಚೆಯ ಊರಿನಲ್ಲಿ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರೊಬ್ಬರು ನಾಮಪತ್ರ ಹಾಕಿದ್ದಾರಂತೆ. ಇವತ್ತು ಬೆಳಿಗ್ಗೆ ಜೀಪು ಬಂದು ದಾಕ್ಷಿಯನ್ನು ಅಲ್ಲಿಗೆ ಕರೆದೊಯ್ದಿತು. ಅವಳು ಹಿಂತಿರುಗಿ ನೋಡಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ನಾಯಕರು ಎಷ್ಟೇ ಒಳ್ಳೆಯವರಿರಲಿ, ನಿಮಗಾಗಿ ಎಷ್ಟೇ ಸೆರೆಮನೆ ಕಂಡವರಿರಲಿ, ಅವರ ಎದುರು ಒಬ್ಬರನ್ನು ನಿಲ್ಲಿಸಿ. ಕುಂಟನೋ ಕುರುಡನೋ, ಹುಚ್ಚನೇ ಆಗಲಿ, ಠೇವಣಿ ಕಳೆದುಕೊಂಡು ಮನೆಗೆ ಹೋಗಲಿ, ನಿಲ್ಲಲಿ. ಕಟ್ಟೆಯ ಹಿರಿಯರು ಒಗ್ಗಟ್ಟಿನ ಹೆಸರು ಹೇಳಿ ಕೈ ಹಿಡಿದರೆ, ಚಹಾ ಕೊಟ್ಟು ಕಳಿಸಿಬಿಡಿ.

ಇಷ್ಟು ಹೊತ್ತಿಗೆ ದಾಕ್ಷಿ ಆ ಅಕ್ಕೋರ ಮನೆಯ ಪಡಸಾಲೆಯಲ್ಲಿ ಕುಳಿತಿರುತ್ತಾಳೆ. ಹೆತ್ತ ಮಗಳು ಹೋದ ಕೆಲಸ ಕೆಡಲಿ ಎಂದು ದೀಪ ಹಚ್ಚಿ ದೇವರ ಮುಂದೆ ಕುಳಿತಿದ್ದೇನೆ. ಶರಣು.

ಪಾರವ್ವ