ಕರಪತ್ರದ ಎರಡನೇ ಪುಟ

ಆಸ್ಟಿನ್,
ಅಕ್ಟೋಬರ್ ೧೪, ೧೯೭೦

ಪೂಜ್ಯ ಭಾವನವರಿಗೆ ಪದ್ಮಾಕ್ಷಿಯ ನಮಸ್ಕಾರ.

ಇಲ್ಲಿ ಫೋನ್ ಇರುವುದು ಮನೆಯೊಡತಿಯ ಅಡುಗೆಮನೆಯಲ್ಲಿ. ಅದಕ್ಕೇ ಈ ಕಾಗದ. ನಾನು ಕಾಲೇಜಿನಲ್ಲಿ ಹಂಚಿದ ಈಜಿಪ್ಟಿನ ಕರಪತ್ರವನ್ನು ನಿಮಗೂ ಕಳಿಸಿದ್ದೆನಲ್ಲ? ನೈಲ್ ನದಿಯ ನೆರೆ ಅಳೆದವನೇ ತೆರಿಗೆ ಹೇರಿದ, ಕಣಜ ಹಿಡಿದವನೇ ದೊರೆಯಾದ, ಇಂದು ಈ ದೇಶದಲ್ಲಿ ಕೂತು ಯುದ್ಧ ಮಾಡಿಸುವವರೂ ಅವನ ವಂಶದವರೇ ಎಂದು ಬರೆದಿದ್ದೆ. ನಮ್ಮೂರ ಕರಪತ್ರಗಳಲ್ಲಿರುವಂತೆ ಕೊನೆಯಲ್ಲಿ ನನ್ನ ಹೆಸರು, ವಿಳಾಸ ಹಾಕಿದ್ದೆ. ಇಲ್ಲಿ ಯಾರೂ ಹಾಗೆ ಹಾಕುವುದಿಲ್ಲವಂತೆ.

ನಿನ್ನೆ ಟೈ ಕಟ್ಟಿದ ಇಬ್ಬರು ಸರ್ಕಾರಿ ಅಧಿಕಾರಿಗಳು ಆ ವಿಳಾಸ ಹಿಡಿದು ಬಂದರು. "ಓದು ಇಲ್ಲೇ ಮುಗಿಸುವ ಆಸೆ ಇದೆಯಾ, ಮಿಸ್?" ಎಂದು ನಗುತ್ತಲೇ ಕೇಳಿದರು. ಸೋಮವಾರ ವೀಸಾ ಕಾಗದಗಳನ್ನು ತೆಗೆದುಕೊಂಡು ಅವರ ಕಚೇರಿಗೆ ಹೋಗಬೇಕು.

ಭಾನುವಾರವೇ ಹ್ಯೂಸ್ಟನ್‌ನಿಂದ ಕಾರಿನಲ್ಲಿ ಬರುತ್ತೀರಾ? ಬಾಗಿಲಲ್ಲಿ ಕನ್ನಡದಲ್ಲಿ ಕೂಗಿ. ಬರೀ ತಟ್ಟಿದರೆ ತೆಗೆಯಲಾರೆ. ಅಕ್ಕನಿಗೆ ಏಳು ತಿಂಗಳು, ಏನೂ ಹೇಳಬೇಡಿ.

ಇನ್ನೊಂದು ಮಾತು. ನೈಲ್ ನದಿಯ ಎರಡೂ ಕಡೆಯ ಮರಳುಗಾಡು ಶತ್ರುಗಳನ್ನು ಹೊರಗೆ ತಡೆದ ಹಾಗೆ ರೈತರನ್ನು ಒಳಗೇ ಹಿಡಿದಿಟ್ಟಿತ್ತು. ಓಡಿಹೋಗದೆ ದುಡಿದ ಅವರನ್ನು ಎರಡನೇ ಪುಟದಲ್ಲಿ ನಾನು ಹೇಡಿಗಳೆಂದು ಕರೆದಿದ್ದೇನೆ. ನಿನ್ನೆ ಆ ಇಬ್ಬರು ಹೋದ ಮೇಲೆ ಬಸ್ ನಿಲ್ದಾಣದವರೆಗೆ ನಡೆದೆ. ನಿಮ್ಮ ಮನೆ ಬಿಟ್ಟರೆ ಹೋಗಲು ಬೇರೆ ಊರಿಲ್ಲ. ಅಲ್ಲಿಗೂ ಅವರು ಬರಬಹುದೆನ್ನಿಸಿ ಟಿಕೆಟ್ ಕೊಳ್ಳದೆ ಹಿಂತಿರುಗಿದೆ.

ನಿಮ್ಮ ಪ್ರತಿಯಲ್ಲಿ ಆ ಸಾಲನ್ನು ಹೊಡೆದುಹಾಕಿ.

ನಿಮ್ಮ ದಾರಿ ಕಾಯುತ್ತಿರುವ,
ಪದ್ಮಾಕ್ಷಿ